ಒಂದು ಕೆರೆ ಬೇಕಾಗಿದೆ

ನನ್ನ ಹತ್ರ ಒಂದು ವಿಮಾನ ಇದೆ. ಅದಕ್ಕೆ ರನ್‌ವೇ ಬೇಡ, ಕೆರೆ ಸಾಕು. ಬೆಂಗಳೂರಿನಲ್ಲಿ ಇದೇನು ಮಹಾ ಬೇಡಿಕೆ ಅಂತ ನಾನೂ ಅಂದ್ಕೊಂಡಿದ್ದೆ. ಕೆರೆಗಳ ಊರು ತಾನೇ?

ವಿಮಾನ ಅಂದ್ರೆ ದೊಡ್ಡದೇನಲ್ಲ. ರೆಕ್ಕೆ ಈ ತುದಿಯಿಂದ ಆ ತುದಿಗೆ ನಾಲ್ಕೂವರೆ ಅಡಿ, ಬ್ಯಾಟರಿ ಸೇರಿ ಒಂದೂವರೆ ಕೆಜಿ, ಕೈಯಲ್ಲಿ ರಿಮೋಟ್. ಚಕ್ರ ಇರಬೇಕಾದ ಜಾಗದಲ್ಲಿ ದೋಣಿಯಂಥ ಎರಡು ಫ್ಲೋಟ್. ಅವನ್ನು ಮಾಡಿದ್ದು ಅಪ್ಪ. ಮೂವತ್ತಮೂರು ವರ್ಷ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು, ರಿಟೈರ್ ಆದ ಮೇಲೆ ಟಿವಿ ಮುಂದೆ ಕೂತು ಬೇಜಾರಾಗಿದ್ದವರು. ಫ್ಲೋಟ್‌ನ ತಳ ಒಂದೇ ಸಮ ನುಣ್ಣಗಿದ್ದರೆ ಚೆಂದ ಅಂತ ನಾನಂದೆ. 'ಮುಚ್ಕೊಂಡು ನೋಡು' ಅಂತ ತಳದ ಮಧ್ಯದಲ್ಲಿ ಒಂದು ಮೆಟ್ಟಿಲು ಕೊರೆದರು. ಆ ಮೆಟ್ಟಿಲು ಇಲ್ಲದಿದ್ರೆ ಎಷ್ಟೇ ಥ್ರಾಟಲ್ ಕೊಟ್ಟರೂ ನೀರು ಫ್ಲೋಟನ್ನು ಹೀರಿ ಹಿಡ್ಕೊಳ್ಳುತ್ತೆ, ವಿಮಾನ ದೋಣಿಯಾಗಿಯೇ ಉಳಿಯುತ್ತೆ. ಮೆಟ್ಟಿಲಿನ ಹತ್ರ ನೀರು ತಳದಿಂದ ಬಿಡಿಸಿಕೊಳ್ಳುತ್ತೆ, ಗಾಳಿ ನುಗ್ಗುತ್ತೆ, ಹಿಡಿತ ಸಡಿಲ. ರಿಸೀವರನ್ನು ಬರ್ತ್‌ಡೇ ಬಲೂನಿನೊಳಗೆ ತೂರಿಸಿ ಬಾಯಿ ಕಟ್ಟುವುದು ಮಾತ್ರ ನನ್ನ ಐಡಿಯಾ. ನೀರು ಹೋಗಲ್ಲ.

ಅಪ್ಪನಿಗೆ ಇದರಲ್ಲಿ ಆಸೆ ಹುಟ್ಟೋಕೆ ಕಾರಣ ಬೆಳ್ಳಂದೂರು. ಎರಡನೇ ಮಹಾಯುದ್ಧದ ಕಾಲದಲ್ಲಿ ಕ್ಯಾಟಲಿನಾ ಅನ್ನೋ ಹಾರುವ ದೋಣಿಗಳು ರಿಪೇರಿಗೆ ಅಂತ ಬಂದು ಬೆಳ್ಳಂದೂರು ಕೆರೆಯಲ್ಲಿ ಇಳೀತಿದ್ದವು. ಅಪ್ಪ ಕೆಲಸಕ್ಕೆ ಸೇರಿದಾಗ ಹಳಬರು ಇದನ್ನು ಊಟದ ಹೊತ್ತಲ್ಲಿ ಹೇಳ್ತಿದ್ದರಂತೆ. 'ನೂರಾ ನಾಲ್ಕು ಅಡಿ ರೆಕ್ಕೆಯದ್ದಕ್ಕೆ ಜಾಗ ಕೊಟ್ಟ ಊರು ಕಣೋ ಇದು, ನಿನ್ನ ನಾಲ್ಕೂವರೆ ಅಡಿಗೆ ಇಲ್ವಾ?'

ಇಲ್ಲ ಅಪ್ಪ. ನೊರೆ, ಬೆಂಕಿ ಎಲ್ಲ ಆಮೇಲೆ. ಬೆಳ್ಳಂದೂರು ಎಚ್‌ಎಎಲ್ ಏರ್‌ಪೋರ್ಟಿನ ಪಕ್ಕಕ್ಕೇ ಇದೆ.

ಅಸಲಿಗೆ ಇದೆಲ್ಲ ತಿಳ್ಕೊಳ್ಳೋ ಮೊದಲೇ ನಾನೊಂದು ತಪ್ಪು ಮಾಡಿದ್ದೆ. ಯಾರನ್ನೂ ಕೇಳದೆ, ಒಂದು ಭಾನುವಾರ ಊರಾಚೆಯ ಒಂದು ಕೆರೆಗೆ ಹೋದೆ. ಎರಡು ಸುತ್ತು ಚೆನ್ನಾಗಿಯೇ ಹಾರಿತು. ಇಳಿಸುವಾಗ ಗಾಳಿ ತಿರುಗಿ, ದಡದಿಂದ ನೂರಡಿ ಆಚೆ ಅಂತರಗಂಗೆ ಗಿಡಗಳ ನಡುವೆ ಸಿಕ್ಕಿಕೊಂಡಿತು. ನೋಡೋಕೆ ಸೇರಿದ್ದ ಹುಡುಗರಲ್ಲಿ ಒಬ್ಬ, ಹದಿಮೂರೋ ಹದಿನಾಲ್ಕೋ ಇರಬೇಕು, 'ತಂದ್ಕೊಡ್ತೀನಿ ಅಂಕಲ್' ಅಂದವನೇ ಶರ್ಟು ಬಿಚ್ಚಿ ಹಾರಿಬಿಟ್ಟ. ನಾನು ಬೇಡ ಅನ್ನೋಕೆ ತಡ ಮಾಡಿದೆ. ಆ ಎರಡು ಸೆಕೆಂಡು ನನಗೆ ವಿಮಾನ ಬೇಕಿತ್ತು, ಅದು ಸತ್ಯ. ಗಿಡದ ಬೇರು ಕಾಲಿಗೆ ಸುತ್ತಿಕೊಂಡು ಅವನ ತಲೆ ಒಮ್ಮೆ ಮುಳುಗಿ ಎದ್ದಿತು, ಮತ್ತೆ ಮುಳುಗಿತು. ಕೊನೆಗೆ ಒದ್ದಾಡಿ ಅವನೇ ಬಿಡಿಸಿಕೊಂಡು ಬಂದ, ನಗ್ತಾ ಬಂದ. ಕೈಯಲ್ಲಿ ವಿಮಾನ ಇರಲಿಲ್ಲ. ನಾನು ದಡದಲ್ಲೇ ಕುಸಿದು ಕೂತೆ. ವಿಮಾನ ಮಾರನೇ ದಿನ ತಾನಾಗಿ ದಡಕ್ಕೆ ಬಂತು.

ಮನೆಗೆ ಹೋಗಿ ಹೇಳಿದೆ. ಅಪ್ಪ ಬೈಯಲಿಲ್ಲ. ಫ್ಲೋಟ್ ಬಿಚ್ಚಿ ಅಟ್ಟದ ಮೇಲಿಟ್ಟರು. 'ಕೇಳಿ ಹಾರಿಸೋ ಜಾಗ ಸಿಕ್ಕಾಗ ಹೇಳು' ಅಂದರು, ಅಷ್ಟೆ.

ಹಾಗಾಗಿ ಹುಡುಕಾಟ ಶುರು. ಮೊದಲು ಆಕಾಶ. 2021ರ ಡ್ರೋನ್ ನಿಯಮಗಳಲ್ಲಿ ನಮ್ಮಂಥ ಮಾಡೆಲ್ ವಿಮಾನಗಳೂ ಬರುತ್ತವೆ: 25 ಕೆಜಿ ಒಳಗಿರಬೇಕು, ಹಾರಿಸುವವನ ಕಣ್ಣಳತೆಯಲ್ಲೇ ಇರಬೇಕು. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಇದ್ದ ಕಡೆ 400 ಅಡಿವರೆಗೆ ಅನುಮತಿ ಕೇಳಬೇಕಿಲ್ಲ. ಏರ್‌ಪೋರ್ಟಿನ ಸರಹದ್ದಿನಿಂದ 8ರಿಂದ 12 ಕಿಲೋಮೀಟರ್ ನಡುವೆ ಆ ಮಿತಿ 200 ಅಡಿ. ಅದಕ್ಕಿಂತ ಹತ್ತಿರ ಹೋದರೆ ಹಳದಿ ಇಲ್ಲವೇ ಕೆಂಪು. ಈಗ ಬೆಂಗಳೂರಿನ ನಕ್ಷೆ ತೆಗೆದು ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ ನಾಲ್ಕಕ್ಕೂ ವೃತ್ತ ಎಳೆಯಿರಿ. ನಾನು ಎಳೆದೆ. ನನ್ನ ಲಿಸ್ಟಿನಲ್ಲಿದ್ದ ಮುಕ್ಕಾಲು ಕೆರೆ ಅಲ್ಲೇ ಹೋದವು. ಉಳಿದವುಗಳಲ್ಲಿ ಕೆಲವು ಕುಡಿಯುವ ನೀರಿನವು, ಕೆಲವು ಹಕ್ಕಿಗಳವು. ಪೆಲಿಕನ್‌ಗಳು ಮಲಗುವ ಕಡೆ ಪ್ರೊಪೆಲ್ಲರ್ ತಿರುಗಿಸೋಕೆ ನನಗೂ ಮನಸ್ಸಿಲ್ಲ.

ಹಾಗೆ ತುಮಕೂರು ಕಡೆಯ ಒಂದು ಹಳ್ಳಿ ಕೆರೆಗೆ ಬಂದು ನಿಂತೆ. ಆಕಾಶ ಹಸಿರು. ಕೆಳಗಿನ ನೀರು ಯಾರದ್ದು? ಅಚ್ಚುಕಟ್ಟು 40 ಹೆಕ್ಟೇರ್ ಮೀರಿದರೆ ಸಣ್ಣ ನೀರಾವರಿ ಇಲಾಖೆಯದ್ದು, ಕಡಿಮೆಯಿದ್ದರೆ ಪಂಚಾಯಿತಿಗಳದ್ದು. ಇದು ಚಿಕ್ಕದು. ಪಂಚಾಯಿತಿ ಆಫೀಸಿನಲ್ಲಿ ಅರ್ಜಿ ಕೊಟ್ಟರೆ ಪಿಡಿಒ ಎರಡು ಸಲ ಓದಿದರು. 'ಸರ್ವೆನಾ ಸಾರ್? ಒತ್ತುವರಿ ಸರ್ವೆ?' ಬಾಗಿಲಲ್ಲಿ ನಿಂತಿದ್ದ ನಾಲ್ಕು ಜನ ತಟ್ಟನೆ ಒಳಗೆ ಇಣುಕಿದರು. ಕ್ಯಾಮೆರಾ ಇಲ್ಲ, ಅಳೆಯೋದಿಲ್ಲ, ಬರೀ ಆಟ ಅಂತ ವಿಮಾನ ತೋರಿಸಿ ನಂಬಿಸೋಕೆ ಅರ್ಧ ಗಂಟೆ ಹಿಡೀತು. ಇಷ್ಟು ವಯಸ್ಸಾದವನು ಬರೀ ಆಟಕ್ಕೆ ನೂರು ಕಿಲೋಮೀಟರ್ ಬರ್ತಾನೆ ಅನ್ನೋದೇ ಅವರಿಗೆ ಹೆಚ್ಚು ಅನುಮಾನದ ವಿಷಯ. ಕೊನೆಗೆ ಅವರಂದರು: 'ನಮ್ದೇನೂ ಅಭ್ಯಂತರ ಇಲ್ಲ. ಆದ್ರೆ ಮೀನಿನ ಹರಾಜು ಹಿಡಿದೋರು ಒಬ್ರಿದಾರೆ, ಅವರು ಒಪ್ಪಬೇಕು.'

ಮೀನಿನ ಗುತ್ತಿಗೆಯ ಅಣ್ಣ ಒಪ್ಪಿದರು, ಷರತ್ತು ಹಾಕಿ. ಬಲೆ ಬಿಟ್ಟ ದಿನ ಬರಬಾರದು. ಹೆಂಗಸರು ಬಟ್ಟೆ ಒಗೆಯೋ ಕಡೆ ಹಾರಿಸಬಾರದು. ನನ್ನದೂ ಒಂದು ಷರತ್ತಿತ್ತು: ವಿಮಾನ ಎಲ್ಲೇ ಬೀಳಲಿ, ತೆಪ್ಪದಲ್ಲಿ ನೀವೇ ಹೋಗಬೇಕು, ಹೋದ ಹೊತ್ತಿಗೆ ಕೂಲಿ ತಗೋಬೇಕು, ಬೇರೆ ಯಾರೂ ನೀರಿಗೆ ಇಳೀಬಾರದು. 'ಯಾಕೆ ಸಾರ್?' ಅಂದರು. ಹೇಳಿದೆ. ಅವರು ಬೀಡಿ ಹಚ್ಚೋದು ನಿಲ್ಲಿಸಿ ಸ್ವಲ್ಪ ಹೊತ್ತು ಕೆರೆ ಕಡೆ ನೋಡಿದರು.

ಮುಂದಿನ ಶನಿವಾರ ಅಪ್ಪ ಅಟ್ಟದಿಂದ ಫ್ಲೋಟ್ ಇಳಿಸಿದರು. ಕೆರೆಯಲ್ಲಿ ಸಣ್ಣ ಅಲೆ ಇತ್ತು. ಕನ್ನಡಿಯಂಥ ನೀರಿಗಿಂತ ಇದೇ ಒಳ್ಳೇದು, ಫ್ಲೋಟ್ ಬೇಗ ಬಿಡಿಸಿಕೊಳ್ಳುತ್ತೆ. ಗಾಳಿಗೆ ಮುಖ ಮಾಡಿ ಥ್ರಾಟಲ್ ಕೊಟ್ಟೆ. ಹಿಂದೆ ಎರಡು ಬಿಳಿ ಗೆರೆ ಎದ್ದವು, ಆಮೇಲೆ ಗೆರೆ ನಿಂತುಹೋದವು. ಅಪ್ಪ ವಿಮಾನ ನೋಡಲೇ ಇಲ್ಲ, ಗೆರೆ ಎಲ್ಲಿ ನಿಂತಿತು ಅನ್ನೋದನ್ನೇ ನೋಡ್ತಿದ್ದರು. 'ನಲವತ್ತಡಿಯೊಳಗೇ ಎದ್ದಿದೆ ಕಣೋ!'

ಮೂರು ಸಲ ಇಳಿಸಿದೆ. ಮೂರನೇ ಸಲ ಮಗುಚಿತು, ಅಣ್ಣ ತೆಪ್ಪದಲ್ಲಿ ಹೋಗಿ ಮೀನು ಎತ್ತಿದ ಹಾಗೆ ಬಾಲ ಹಿಡಿದು ಎತ್ತಿ ತಂದರು. ದಡಕ್ಕೆ ಬಂದವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಅಪ್ಪನನ್ನು ಕೇಳಿದರು: 'ಯಜಮಾನ್ರೇ, ಇದರಲ್ಲಿ ಮೀನಿಗೆ ತವಡು-ಹಿಂಡಿ ಚೆಲ್ಲೋಕಾಗುತ್ತಾ?'

ಅಪ್ಪ ಜೇಬಿನಿಂದ ಪೆನ್ನು ತೆಗೆದು, ಅವರ ಬೀಡಿ ಕಟ್ಟನ್ನೇ ಈಸಿಕೊಂಡು ಅದರ ಕಾಗದದ ಮೇಲೆ ತೂಕದ ಲೆಕ್ಕ ಹಾಕೋಕೆ ಕೂತರು.