ದೊಡ್ಡಮ್ಮನ ಜಗಲಿಯಲ್ಲಿ ಕ್ಯೂಬಾ

ಡೊಂಬಿವಲಿಯಿಂದ ಉಪ್ಪಳಕ್ಕೆ ಹೊರಟಾಗ ಚೀಲದಲ್ಲಿ ದೊಡ್ಡಮ್ಮನಿಗೆಂದು ಬಾಕರವಡಿ, ಅದರಡಿಯಲ್ಲಿ ಒಂದು ಚುರುಟು. ಅದನ್ನು ಕೊಟ್ಟ ನೆರೂಲಿನ ಗೆಳೆಯ ಹಡಗಿನ ಕೆಲಸದವನು. ಕ್ಯೂಬಾದ ವಿನ್ಯಾಲೆಸ್ ಕಣಿವೆಯಲ್ಲಿ ರೈತನೊಬ್ಬ ಬೆಳೆದು, ತಾನೇ ಸುತ್ತಿ ಮಾರಿದ್ದು. ಹೆಸರಿನ ಪಟ್ಟಿಯಿಲ್ಲ, ಪೆಟ್ಟಿಗೆಯಿಲ್ಲ. ಒಳ್ಳೆಯದೋ ಕೆಟ್ಟದೋ ತಿಳಿಯುವುದು ಹೇಗೆ? "ನಿನ್ನ ದೊಡ್ಡಮ್ಮ ಬೀಡಿ ಕಟ್ಟುತ್ತಾರಲ್ಲ, ಕೇಳು" ಎಂದು ನಕ್ಕಿದ್ದ.

ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿದೆ. 1998ರಲ್ಲಿ ರೈಲು ಬರುವ ಮೊದಲು ಈ ದಾರಿಗೆ ಬಸ್ಸೇ ಗತಿ, ಸೊಂಟ ಮುರಿಯುತ್ತಿತ್ತು. ಈಗ ರತ್ನಾಗಿರಿ ಬಳಿಯ 6.5 ಕಿ.ಮೀ. ಕರ್ಬುಡೆ ಸುರಂಗವೂ ನಿದ್ದೆಯಲ್ಲೇ ಕಳೆಯಿತು. ಬೆಳಿಗ್ಗೆ ಮಂಗಳೂರು, ಬಸ್ಸು ಹಿಡಿದು ತಲಪಾಡಿ ದಾಟಿದರೆ ಉಪ್ಪಳ.

ದೊಡ್ಡಮ್ಮ ಮಡಿಲಲ್ಲಿ ಸೂಪು, ಅಂದರೆ ಬೀಡಿ ಕಟ್ಟುವ ಮೊರ, ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ನೆನೆಹಾಕಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆ. ತಗಡಿನ ಅಚ್ಚಿಟ್ಟು ಕತ್ತರಿಸಿ, ಚಿಟಿಕೆ ಹೊಗೆಸೊಪ್ಪಿನ ಪುಡಿ ಉದುರಿಸಿ, ಉರುಳಿಸಿ, ಬಾಯಿ ಮಡಚಿ, ನೂಲು ಸುತ್ತುತ್ತಾರೆ. ಕಣ್ಣು ನನ್ನ ಮೇಲೆ, ಬೆರಳು ಬೀಡಿಯ ಮೇಲೆ. 25 ಆದರೆ ಒಂದು ಕಟ್ಟು. ಜೀವಮಾನದಲ್ಲಿ ಒಂದು ದಮ್ಮು ಎಳೆದವರಲ್ಲ. ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ನೋಡುವವರೂ ಸೇದಿ ನೋಡುವುದಿಲ್ಲವಂತೆ. ಕಟ್ಟನ್ನು ಅಂಗೈಯಲ್ಲಿ ತೂಗಿ, ಹಿಸುಕಿ, ಸಡಿಲವಾದದ್ದನ್ನೂ ಎಲೆ ಹರಿದದ್ದನ್ನೂ ಆಚೆ ಹಾಕುತ್ತಾರೆ. ಅದರ ಕೂಲಿ ಹೋಯಿತು.

ಇಲ್ಲಿಂದ ದಕ್ಷಿಣಕ್ಕೆ, ಕಣ್ಣೂರಿನಲ್ಲಿ, ಕೆಲಸ ಕಳೆದುಕೊಂಡ ಬೀಡಿ ಕಾರ್ಮಿಕರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಮಾಡಿಕೊಂಡರು. ಒಬ್ಬರು ಪೇಪರು ಓದುವುದು, ಉಳಿದವರು ಕೇಳುತ್ತ ಬೀಡಿ ಸುತ್ತುವುದು ಅಲ್ಲಿನ ಕ್ರಮವಾಗಿತ್ತು. ಹವಾನಾದ ಚುರುಟಿನ ಕಾರ್ಖಾನೆಗಳಲ್ಲೂ 1865ರಿಂದ ಇದೇ ಪದ್ಧತಿ ಎಂದೆ.

"ನಮಗೆ ಟಿವಿ ಸೀರಿಯಲ್ಲು" ಎಂದರು ದೊಡ್ಡಮ್ಮ.

ಚುರುಟು ಕೈಗಿಟ್ಟೆ. ಮೂಸಿದರು, ತಿರುಗಿಸಿದರು. "ನೂಲಿಲ್ಲದೆ ಇದು ನಿಲ್ಲುವುದು ಹೇಗೆ ಮಾರಾಯ?"

"ತುದಿಗೆ ಒಂಚೂರು ಅಂಟು ಹಚ್ಚುತ್ತಾರೆ."

ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಬುಡದಿಂದ ಮೆಲ್ಲಗೆ ಒತ್ತುತ್ತ ಬಂದರು. ಅರ್ಧಕ್ಕೆ ಬೆರಳು ನಿಂತಿತು. "ಇಲ್ಲಿ ಟೊಳ್ಳು." ನಾನೂ ಒತ್ತಿ ನೋಡಿದೆ. ಹೌದು, ಅಷ್ಟೇ ಜಾಗ ಮೆತ್ತಗೆ. ಚುರುಟಿನ ರುಚಿ ಬಲ್ಲವರೂ ಕಡ್ಡಿ ಗೀರುವ ಮೊದಲು ಮಾಡುವುದು ಇದನ್ನೇ. ಟೊಳ್ಳಿದ್ದಲ್ಲಿ ಬೆಂಕಿ ಒಂದೇ ಸಮ ಇಳಿಯುವುದಿಲ್ಲ.

"ಹಾಗಾದರೆ ರಿಜೆಕ್ಟಾ ದೊಡ್ಡಮ್ಮ?"

"ನಮ್ಮಲ್ಲಾದರೆ ಆಚೆ. ಆ ರೈತನಿಗೆ ಬ್ರಾಂಚಿಲ್ಲ, ಬಚಾವ್" ಎನ್ನುತ್ತ ಸೂಪನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.