ಮೂಲೆಯಿಂದ ಮೂಲೆಗೆ

ಮಗನಿಗೆ ಆಟ, ನನಗೆ ಭತ್ತದ ಲೆಕ್ಕ. ಎರಡಕ್ಕೂ ಒಂದೇ ಮಾನಿಟರು. 22 ಇಂಚಿನ ಅಗಲ ಪರದೆ ಸಾಕೆಂದು ತುರ್ವಿಹಾಳದಿಂದ ಸಿಂಧನೂರಿಗೆ ಹೊರಟೆವು. ಅಪ್ಪನೂ ಬಸ್ಸು ಹತ್ತಿದ. ಅಂಗಡಿಯವನು ಟೇಪನ್ನು ಓರೆಯಾಗಿ ಹಿಡಿದು 22 ತೋರಿಸಿದ.

“ಹೊಲಾ ಯಾರಾರ ಮೂಲಿಂದ ಮೂಲಿಗಿ ಅಳೀತಾರೇನೋ ತಮ್ಮಾ?” ಎಂದ ಅಪ್ಪ.

ನೆಟ್ಟಗೆ ಅಳೆದರೆ ಎತ್ತರ 11 ಇಂಚೂ ಇಲ್ಲ! ಮನೆಯ ಹಳೆಯ 19 ಇಂಚಿನ ಚೌಕ ಪರದೆಯೇ ಹೆಚ್ಚುಕಡಿಮೆ 12. ಲೆಕ್ಕದ ಸಾಲುಗಳು ಹಿಡಿಯುತ್ತವೆ, ಅಕ್ಷರ ಸಣ್ಣವು. ಆ ಎತ್ತರ ಬೇಕೆಂದರೆ 24 ಇಂಚಿನದೇ ಬೇಕು. ಅದರಲ್ಲೂ ಅಗ್ಗದ ಟಿಎನ್ ಪರದೆ ಪಕ್ಕದಿಂದ ನೋಡಿದರೆ ಬಣ್ಣಗೆಡುತ್ತಿತ್ತು. ಐಪಿಎಸ್ ಕೆಡಲಿಲ್ಲ, ಬೆಲೆ ಮಾತ್ರ ಏರಿತು. ಎರಡನೇ ಬೆಳೆಗೆ ಕಾಲುವೆ ನೀರು ಬಂದೀತೋ ಇಲ್ಲವೋ ಎಂಬ ಚಿಂತೆ ಬೇರೆ. ಆದರೆ ಅಪ್ಪ ಕೂರುವುದು ಪಕ್ಕದ ಹೊರಸಿನ ಮೇಲೆ. ಐಪಿಎಸ್ಸನ್ನೇ ತಂದೆವು.

ಈಗ ಆಟದ ಕಾರು ಪಲ್ಟಿಯಾದರೆ ಮೊದಲು ಕೂಗುವವನು ಅಪ್ಪನೇ.