ಮೂಡಗಾಳಿ ಮತ್ತು ಕೋಳಿಗೂಡು

ಪಕ್ಷದ ಹಬ್ಬ ಮುಗಿದ ಮೇಲೆ ನಮ್ಮ ಕಡೆ ಕೋಳಿ ಎಣಿಸುವುದು ಸುಲಭ. ಹಿರಿಯರಿಗೆ ಎಡೆಯಿಟ್ಟು, ನೆಂಟರಿಗೆ ಉಣಬಡಿಸಿ, ಬಲಿತ ಹುಂಜಗಳೆಲ್ಲ ಖರ್ಚಾಗಿರುತ್ತವೆ. ಹಿತ್ತಲಲ್ಲಿ ಉಳಿಯುವುದು ಮೊಟ್ಟೆಯಿಡುವ ಹ್ಯಾಟೆಗಳು, ಅವಕ್ಕೊಬ್ಬ ಯಜಮಾನ ಹುಂಜ, ಮಳೆಗಾಲದ ಕೊನೆಯಲ್ಲಿ ಮೊಟ್ಟೆಯೊಡೆದು ಬಂದ ಒಂದಷ್ಟು ಪಿಳ್ಳೆ. ದೀಪಾವಳಿ ಕಳೆದು ಕಾರ್ತಿಕ ಹಿಡಿದರೆ ಸೋಮವಾರ ಮನೆಯಲ್ಲಿ ಬಾಡು ಬೇಯುವುದಿಲ್ಲ. ಕೋಳಿಗೂ ನೆಮ್ಮದಿ, ನನಗೂ ಬಿಡುವು. ವರ್ಷದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಶುರುವಾಗುವುದು ಆಗಲೇ. ಮಾಗಿ ಬರುವ ಮೊದಲು ಗೂಡನ್ನು ಅಣಿ ಮಾಡುವುದು.

ಪಾಂಡವಪುರದಲ್ಲಿ ಅಂಥಾ ಚಳಿ ಏನಿದೆ ಎಂದು ಬೆಂಗಳೂರಿನ ನೆಂಟರು ನಗುತ್ತಾರೆ. ನಿಜ, ಡಿಸೆಂಬರ್ ಜನವರಿಯ ಬೆಳಗಿನ ಜಾವ ಇಲ್ಲಿ ಸಾಮಾನ್ಯವಾಗಿ 15-16 ಡಿಗ್ರಿ ಇರುತ್ತದೆ. ಕೋಳಿಯ ಮೈಬಿಸಿ 41 ಡಿಗ್ರಿಯ ಆಸುಪಾಸು. ಪುಕ್ಕ ಉಬ್ಬಿಸಿ, ಕಾಲಿನ ಮೇಲೆ ಹೊಟ್ಟೆಯೂರಿ, ತಲೆಯನ್ನು ರೆಕ್ಕೆಯ ಸಂದಿಗೆ ತುರುಕಿ ಕೂತರೆ ಅದಕ್ಕೆ ಈ ಚಳಿ ಲೆಕ್ಕಕ್ಕೇ ಇಲ್ಲ. ನಾಗಮಂಗಲದ ಕಡೆಯವರಾದ ನಮ್ಮತ್ತೆ ಇದನ್ನೇ ಒಂದು ಮಾತಲ್ಲಿ ಮುಗಿಸುತ್ತಾರೆ: “ಕೋಳಿಗ್ಯಾಕಪ್ಪಾ ಚಳಿ? ಕಂಬ್ಳಿ ಹೊದ್ಕಂಡೇ ತಿರುಗ್ತದಲ್ಲ!”

ಅವರ ಮಾತು ಅವರ ಊರಿಗೆ ಸರಿ. ನಾಗಮಂಗಲದ ಹಳೇ ಊರುಗಳು ಮಳೆ ನಂಬಿದ ರಾಗಿಯ ಸೀಮೆ. ನೆಲ ಒಣ, ಗಾಳಿ ಒಣ. ಅಲ್ಲಿ ಎಷ್ಟೋ ಮನೆಗಳ ಕೋಳಿಗಳಿಗೆ ಗೂಡೇ ಬೇಕಿಲ್ಲ, ಸಂಜೆಯಾದರೆ ಹುಣಸೆಮರ ಹತ್ತಿ ಕೂರುತ್ತವೆ. ನಮ್ಮದು ಹಾಗಲ್ಲ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಶ್ರೀರಂಗಪಟ್ಟಣ, ಪಾಂಡವಪುರಗಳ ಬಯಲನ್ನು ನೆನೆಸಿಟ್ಟಿದೆ. ಭತ್ತದ ಗದ್ದೆ, ಕಬ್ಬಿನ ಗದ್ದೆ, ನಡುವೆ ಕಾಲುವೆ. ಕಾರ್ತಿಕದ ಬೆಳಗ್ಗೆ ಕುಂತಿಬೆಟ್ಟದ ಬುಡ ಕಾಣದಷ್ಟು ಮಂಜು ಕವಿದಿರುತ್ತದೆ. ಗೋಡೆಗೆ ಕೈಯಿಟ್ಟರೆ ತಣ್ಣಗೆ ಅಂಟುತ್ತದೆ. ಕೋಳಿಯನ್ನು ಕೆಡಿಸುವುದು ಈ ತೇವ. ಒಣಗಿದ ಕೋಳಿ ಎಂಥ ಚಳಿಯನ್ನೂ ತಡೆಯುತ್ತದೆ, ಪುಕ್ಕ ನೆನೆದ ಕೋಳಿ ನಮ್ಮ ಸಣ್ಣ ಚಳಿಗೂ ಮುದುಡಿ ಮೂಗಿನಲ್ಲಿ ಗೊರಗೊರ ಶುರು ಮಾಡುತ್ತದೆ.

ಆದ್ದರಿಂದ ಮೊದಲ ಕೆಲಸ ನೆಲದ್ದು. ಹಳೆಯ ಹಾಸನ್ನೆಲ್ಲ ಕೆರೆದು ತಿಪ್ಪೆಗೆ ಹಾಕಿ, ಗೂಡನ್ನು ಎರಡು ಬಿಸಿಲು ಒಣಗಿಸಿ, ಸುಣ್ಣ ಎರಚುತ್ತೇನೆ. ಮೇಲೆ ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟು, ಮೂರು ನಾಲ್ಕು ಬೆರಳಷ್ಟು ದಪ್ಪ. ಎದುರಿಗೇ ಹುಲ್ಲಿನ ಮೆದೆ ಇರುವಾಗ ಹೊಟ್ಟನ್ನು ಹೊತ್ತು ತರುವುದೇಕೆ ಎಂದು ಕೇಳುವವರಿದ್ದಾರೆ. ಮೆದೆಯ ಒಳಗಿನ ಹುಲ್ಲು ಈ ಕಾಲದಲ್ಲಿ ಬೂಷ್ಟು ಹಿಡಿದಿರುತ್ತದೆ. ಆ ಬೂಷ್ಟಿನ ಧೂಳು ಪಿಳ್ಳೆಗಳ ಶ್ವಾಸಕೋಶಕ್ಕೆ ಹೋದರೆ ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಾ ಒಂದೊಂದಾಗಿ ಉರುಳುತ್ತವೆ. ತಿನ್ನಿಸುವುದರಲ್ಲೂ ಅದೇ ಭಯ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣವೇ ತಿಳಿಯದೆ ಸತ್ತಾಗ, ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿದ್ದ ಬೂಷ್ಟಿನ ವಿಷ. ಅಫ್ಲಟಾಕ್ಸಿನ್ ಎಂಬ ಹೆಸರು ಲೋಕಕ್ಕೆ ಗೊತ್ತಾದದ್ದೇ ಆ ಸಾವಿನಿಂದ. ಮುಗ್ಗಲು ಜೋಳವನ್ನು ‘ಕೋಳಿಗಾದ್ರೂ ಆಯ್ತದೆ’ ಎಂದು ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಅದಕ್ಕೇ.

ಆಮೇಲೆ ಗಾಳಿ. ಮಾಗಿಯಲ್ಲಿ ನಮಗೆ ಬೀಸುವುದು ಮೂಡಗಾಳಿ. ಗೂಡಿನ ಮೂಡಣ ಮಗ್ಗುಲಿಗೂ ಬಡಗಣ ಮಗ್ಗುಲಿಗೂ ಗೋಣಿಚೀಲ ಹೊಲಿದು ಇಳಿಬಿಡುತ್ತೇನೆ. ಚೀಲದ ತಳಕ್ಕೆ ಒಂದು ಬಿದಿರ ಗಳು ಸೇರಿಸಿದರೆ ಹಾರುವುದಿಲ್ಲ, ಬೆಳಗ್ಗೆ ಸುತ್ತಿ ಮೇಲಕ್ಕೆ ಕಟ್ಟುವುದೂ ಸಲೀಸು. ಎಳೆಬಿಸಿಲು ಬರುವುದೂ ಅದೇ ಮೂಡಣದಿಂದ ತಾನೆ, ಅದಕ್ಕೆ ದಾರಿ ಬಿಡಬೇಕು. ಟಾರ್ಪಾಲು ಬೇಡ. ಟಾರ್ಪಾಲಿನ ಒಳಮೈಯಲ್ಲಿ ಕೋಳಿಗಳ ಉಸಿರೇ ನೀರಾಗಿ ಬೆಳಗಿನ ಜಾವ ತೊಟ್ಟಿಕ್ಕುತ್ತದೆ. ತೆಂಕಣ ಮಗ್ಗುಲಲ್ಲಿ, ಕೂರುವ ಕೋಲಿಗಿಂತ ಮೇಲೆ, ಸೂರಿನ ಕೆಳಗಿನ ಕಿಂಡಿಯನ್ನು ಮಾತ್ರ ಯಾವ ಚಳಿಗೂ ಮುಚ್ಚುವುದಿಲ್ಲ.

ಈ ಕಿಂಡಿಯ ವಿಷಯದಲ್ಲಿ ನಾನು ಹಟಮಾರಿ. ಗೂಡನ್ನು ಗಾಳಿಯಾಡದಂತೆ ಮುಚ್ಚಿದರೆ ಹಿಕ್ಕೆಯಿಂದೇಳುವ ಅಮೋನಿಯಾ ಒಳಗೇ ನಿಲ್ಲುತ್ತದೆ, ಕಣ್ಣು ಉರಿಸುತ್ತದೆ, ಉಸಿರ ದಾರಿಯನ್ನು ಸವೆಸುತ್ತದೆ. ಪರೀಕ್ಷೆ ಸುಲಭ. ಬೆಳಗ್ಗೆ ಬಾಗಿಲು ತೆಗೆದು, ಕೋಳಿಯ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು ಒಂದು ಸಲ ಉಸಿರೆಳೆಯಿರಿ. ನಿಮ್ಮ ಮೂಗಿಗೆ ಘಾಟು ಹತ್ತಿದರೆ ರಾತ್ರಿಯೆಲ್ಲ ಅಲ್ಲೇ ಇದ್ದ ಕೋಳಿಯ ಪಾಡೇನು? ಅಮೆರಿಕದಲ್ಲಿ ಪ್ರಿನ್ಸ್ ಟಿ. ವುಡ್ಸ್ ಎಂಬ ವೈದ್ಯರೊಬ್ಬರು 1912ರಲ್ಲೇ ತೆರೆಗಾಳಿಯ ಕೋಳಿಗೂಡುಗಳ ಬಗ್ಗೆ ಒಂದು ಪುಸ್ತಕ ಬರೆದರು. ಹಿಮ ಬೀಳುವ ನಾಡಿನಲ್ಲಿ ಕೂತು, ಗೂಡಿನ ಮುಂಭಾಗ ತೆರೆದೇ ಇರಲಿ ಎಂದ ಮನುಷ್ಯ! ಅಲ್ಲಿಗೆ ಸಲ್ಲುವುದಾದರೆ ಪಾಂಡವಪುರಕ್ಕೆ ಏಕೆ ಸಲ್ಲದು?

ಕೂರುವ ಕೋಲು ದುಂಡಗೆ, ಸಪೂರ ಇರಬಾರದು. ಎರಡಂಗುಲ ಅಗಲದ, ಮೂಲೆ ಸವರಿದ ಪಟ್ಟಿ ಸಾಕು. ಆಗ ಬೆರಳುಗಳು ಚಪ್ಪಟೆಯಾಗಿ ಊರುತ್ತವೆ, ಹೊಟ್ಟೆಯ ಪುಕ್ಕ ಅವನ್ನು ಪೂರ್ತಿ ಮುಚ್ಚುತ್ತದೆ. ರಾತ್ರಿ ಟಾರ್ಚು ಹಾಕಿ ನೋಡಿದರೆ ಒಂದೂ ಕಾಲು ಕಾಣಬಾರದು. ಹಗಲಲ್ಲಿ ಆ ಹಳದಿ ಕಾಲುಗಳನ್ನು ನೋಡುವುದು ಬೇರೆ ಸುಖ. ಊರಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ ಎನ್ನುತ್ತಾರೆ. ಆದರೆ ಚರ್ಮದ ಹಳದಿ ಬಣ್ಣದ ವಂಶವಾಹಿ ಬಂದಿರುವುದು ನಮ್ಮ ದಕ್ಷಿಣದ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಜಗತ್ತಿನ ಹಳದಿ ಕಾಲಿನ ಕೋಳಿಗಳೆಲ್ಲ ಒಂದು ಪಾಲು ನಮ್ಮ ಕಾಡಿನವು. ಹಿತ್ತಲಲ್ಲಿ ಕೆದಕುವ ಹ್ಯಾಟೆಗೆ ಇದು ಗೊತ್ತಿದ್ದ ಹಾಗೆಯೇ ಅದರ ಠೀವಿ.

ಹೇನಿನ ಕಾಟಕ್ಕೆ ಬೂದಿಗುಂಡಿ ಬೇಕು. ಒಲೆಗಳೆಲ್ಲ ಗ್ಯಾಸಾದ ಮೇಲೆ ಮನೆಯಲ್ಲಿ ಬೂದಿಗೂ ಬರ. ಪುಣ್ಯಕ್ಕೆ ನಮ್ಮಲ್ಲಿ ಆಲೆಮನೆಗಳಿವೆ. ಒಂದು ಚೀಲ ಬೂದಿ ಕೇಳಲು ಹೋದರೆ ಒಂದು ಲೋಟ ಕಬ್ಬಿನ ಹಾಲು ಕುಡಿಸಿ, ಬಿಸಿ ಬೆಲ್ಲವನ್ನೂ ನೆಕ್ಕಿಸಿ ಕಳಿಸುತ್ತಾರೆ. ಬೂದಿಗೆ ಮರಳು, ಒಣಗಿಸಿ ಪುಡಿ ಮಾಡಿದ ಬೇವಿನ ಸೊಪ್ಪು ಬೆರೆಸಿ, ಮಳೆ ಬೀಳದ ಮೂಲೆಯಲ್ಲಿ ಗುಂಡಿ ತುಂಬಿಸಿದರೆ ಮಧ್ಯಾಹ್ನವೆಲ್ಲ ಹ್ಯಾಟೆಗಳಿಗೆ ಅಲ್ಲೇ ಸ್ನಾನ, ಅಲ್ಲೇ ಜಗಳ. ಯಜಮಾನ ಹುಂಜ ಮೊದಲು ಹೊರಳಬೇಕು, ಉಳಿದವರು ಆಮೇಲೆ.

ಸಂಜೆಯ ಮೇವಿಗೆ ಕಾಳು. ಕಾಳು ಕರಗುವುದು ನಿಧಾನ, ರಾತ್ರಿಯಿಡೀ ಮೈಬಿಸಿಗೆ ಒದಗುತ್ತದೆ. ನಾನು ಹಾಕುವುದು ನಾಗಮಂಗಲದ ರಾಗಿ, ಜೊತೆಗೆ ಒಡೆದ ಮುಸುಕಿನ ಜೋಳ. ರಾಗಿ ತರಲು ಹೋಗುವುದೇ ಒಂದು ಹಬ್ಬ. ಆ ಕಾಲಕ್ಕೆ ಅಲ್ಲಿ ಅರ್ಧ ಒಕ್ಕಣೆ ಟಾರು ರಸ್ತೆಯ ಮೇಲೆಯೇ. ಹುರುಳಿ, ರಾಗಿ ಹರಡಿದರೆ ಬಸ್ಸು ಲಾರಿಗಳೇ ತುಳಿದುಕೊಡುತ್ತವೆ. ವಾಹನಗಳ ನಡುವೆ ಕೋಳಿಗಳು ಕಾಳು ಹೆಕ್ಕುವ ಚುರುಕನ್ನು ನೋಡಿದರೆ ಜೀವ ಬಾಯಿಗೆ ಬರುತ್ತದೆ. ಅತ್ತೆಯ ಮನೆಯಿಂದ ರಾಗಿಯ ಜೊತೆ ಅವರೆಕಾಯಿ ಚೀಲವೂ ಬರುತ್ತದೆ, ಅದು ಕೋಳಿಗಲ್ಲ.

ಮೊಟ್ಟೆ ಈ ಕಾಲದಲ್ಲಿ ಕಡಿಮೆಯಾದರೆ ಗಾಬರಿ ಬೇಡ. ಹಗಲು ಕುಗ್ಗಿದರೆ ಮೊಟ್ಟೆಯೂ ಕುಗ್ಗುತ್ತದೆಂದು ಶೀತದೇಶದವರು ಗೂಡಿಗೆ ದೀಪ ಹಾಕುತ್ತಾರೆ. ನಮ್ಮಲ್ಲಿ ವರ್ಷದ ದೊಡ್ಡ ಹಗಲಿಗೂ ಸಣ್ಣ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯಷ್ಟೇ. ಹ್ಯಾಟೆ ಹಳೇ ಪುಕ್ಕ ಉದುರಿಸಿ ಹೊಸದು ಹಾಕಿಕೊಳ್ಳುವಾಗ ಮೊಟ್ಟೆ ನಿಲ್ಲಿಸುತ್ತದೆ, ಅಷ್ಟೆ. ನಾಟಿ ಕೋಳಿ ವರ್ಷಕ್ಕೆ ಇಡುವುದೇ 60-80 ಮೊಟ್ಟೆ. ಅದಕ್ಕೂ ರಜೆ ಬೇಡವೇ?

ಕೊನೆಯ ಕೆಲಸ ಲಸಿಕೆ, ಇದು ಒಬ್ಬರ ಕೈಯಲ್ಲಾಗುವುದಲ್ಲ. ಕೊಕ್ಕರೆ ರೋಗ ಹೊಕ್ಕರೆ ಬೀದಿಯ ಕೋಳಿಗಳೆಲ್ಲ ವಾರದಲ್ಲಿ ಖಾಲಿ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಒಂದು ಹನಿ ಲಸೋಟ, ಎಂಟನೇ ವಾರಕ್ಕೆ ರೆಕ್ಕೆಯಡಿಗೆ ಆರ್‌2ಬಿ ಚುಚ್ಚುಮದ್ದು. ತೊಂದರೆ ಏನೆಂದರೆ ಒಂದು ಸೀಸೆ ನೂರು ಕೋಳಿಗಾಗುವಷ್ಟಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಪಶು ಆಸ್ಪತ್ರೆಯಿಂದ ಐಸ್ ತುಂಬಿದ ಫ್ಲಾಸ್ಕಿನಲ್ಲಿ ಅದನ್ನು ತಂದ ದಿನ ಬೀದಿಯನ್ನೇ ಕೂಡಿಸಬೇಕು. ನಸುಕಿನಲ್ಲಿ ಗೂಡು ತೆರೆಯುವ ಮೊದಲೇ ಎಲ್ಲರೂ ಮಕ್ಕರಿ ಮುಚ್ಚಿಕೊಂಡು ಬರುತ್ತಾರೆ. ಒಬ್ಬರು ಕಾಲು ಹಿಡಿಯಬೇಕು, ಒಬ್ಬರು ರೆಕ್ಕೆ ಬಿಡಿಸಬೇಕು, ಹುಡುಗರು ತಪ್ಪಿಸಿಕೊಂಡದ್ದನ್ನು ಅಟ್ಟಿಸಿಕೊಂಡು ಹೋಗಬೇಕು. ಮೂಲೆಮನೆಯ ಅಜ್ಜಿ ಪ್ರತಿ ಸಲವೂ ಬರುತ್ತಾರೆ, ಪ್ರತಿ ಸಲವೂ ವಾದ ಹೂಡುತ್ತಾರೆ.

“ಹ್ಯಾಟೆಗಳ್ಗೆ ಚುಚ್ಚು ಮಗ, ಬ್ಯಾಡ ಅನ್ನಕ್ಕಿಲ್ಲ. ಹುಂಜನ್ ಮಾತ್ರ ಬಿಟ್ಬುಡು, ಅದು ಮಾರಿಹಬ್ಬಕ್ಕೆ. ಸೂಜಿ ಚುಚ್ಚಿದ್ರೆ ಸಾರು ರುಚಿ ಕೆಡ್ತದೆ.”

“ಮಾರಿಹಬ್ಬದಗಂಟ ಅದು ಬದುಕಿರ್ಬೇಕಲ್ಲಜ್ಜಿ.”

ಅಜ್ಜಿ ಮಕ್ಕರಿಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದರು. “ಹಂಗಾರೆ ಅರ್ಧ ಚುಚ್ಚು.”